ಕೋಣೆಯ ಗಾಳಿಯಲ್ಲಿ 25 ಕಿಲೋ ನೀರಾ?

ಪ್ರಶ್ನೆ: ಸರ್, ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಈ ಮಳೆಗೆ ಕೋಣೆಯೊಳಗೆ ಹಗ್ಗ ಕಟ್ಟಿ ಹಾಕಿದ ಬಟ್ಟೆ ಒಣಗುವುದೇ ಇಲ್ಲ. ಗಾಳಿಯಲ್ಲಿ ಎಷ್ಟು ನೀರಿದೆ ನೋಡೋಣ ಅಂತ ಪಿಯುಸಿಯಲ್ಲಿ ಕಲಿತ, ಒತ್ತಡ (ಪಿ), ಗಾತ್ರ (ವಿ), ಉಷ್ಣತೆ (ಟಿ)ಗಳಿಂದ ಅನಿಲದ ಪ್ರಮಾಣ (ಎನ್) ಕೊಡುವ ಸೂತ್ರ ಪಿವಿ = ಎನ್‌ಆರ್‌ಟಿ ಹಾಕಿದೆ. ಕೋಣೆ 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರ. ಉಷ್ಣತೆ 27 ಡಿಗ್ರಿ, ತೇವಾಂಶ 90 ಪರ್ಸೆಂಟ್. ಒತ್ತಡ 101.3 ಕಿಲೋಪ್ಯಾಸ್ಕಲ್. ಉತ್ತರ 25 ಕಿಲೋ ಬಂತು! ಎಲ್ಲಿ ತಪ್ಪಿದೆ?

ಉತ್ತರ: ತಂಗಿ, ಉತ್ತರ ನೋಡಿ ಅನುಮಾನ ಬಂತಲ್ಲ, ಅದೇ ದೊಡ್ಡದು. ನಿನ್ನ ಗುಣಾಕಾರ ಭಾಗಾಕಾರ ಎಲ್ಲ ಸರಿ ಇದೆ. 27 ಡಿಗ್ರಿಗೆ 273 ಕೂಡಿಸಿ 300 ಕೆಲ್ವಿನ್ ಮಾಡಿದ್ದೂ ಸರಿ. ಅದನ್ನು ಮರೆಯುವವರು ಬಹಳ ಜನ. ತಪ್ಪಿರುವುದು ಒತ್ತಡದಲ್ಲಿ.

101.3 ಅನ್ನುವುದು ಇಡೀ ಗಾಳಿಯ ಒತ್ತಡ. ಅದರಲ್ಲಿ ಸಾರಜನಕ, ಆಮ್ಲಜನಕಗಳದ್ದೇ ದೊಡ್ಡ ಪಾಲು. ಅಷ್ಟನ್ನೂ ನೀರಾವಿಯ ಲೆಕ್ಕಕ್ಕೆ ಬರೆದರೆ ಕೋಣೆಯಲ್ಲಿ ಗಾಳಿಯೇ ಇಲ್ಲ, ಬರೀ ಆವಿ ಅಂದ ಹಾಗಾಯ್ತು. ಒಂದೇ ಜಾಗದಲ್ಲಿದ್ದರೂ ಪ್ರತಿ ಅನಿಲ ತಾನೊಬ್ಬನೇ ಇದ್ದಂತೆ ತನ್ನ ಪಾಲಿನ ಒತ್ತಡ ಹಾಕುತ್ತದೆ. ಜಾನ್ ಡಾಲ್ಟನ್ 1801ರಲ್ಲಿ ಕಂಡುಕೊಂಡದ್ದು ಇದನ್ನೇ. ನಮಗೆ ಬೇಕಾದದ್ದು ಆವಿಯ ಪಾಲು ಮಾತ್ರ.

ಆ ಪಾಲನ್ನು ಪಿವಿ = ಎನ್‌ಆರ್‌ಟಿ ಹೇಳುವುದಿಲ್ಲ. ಅದಕ್ಕೆ ಕೋಷ್ಟಕವೇ ಬೇಕು. 27 ಡಿಗ್ರಿಯಲ್ಲಿ ನೀರಾವಿಯ ಒತ್ತಡ ಹೆಚ್ಚೆಂದರೆ 3.57 ಕಿಲೋಪ್ಯಾಸ್ಕಲ್. ಅದರ 90 ಪರ್ಸೆಂಟ್ 3.21. ನಿನ್ನ ಕೋಣೆ 34 ಘನ ಮೀಟರ್. 3.21 ಕಿಲೋಪ್ಯಾಸ್ಕಲ್ ಅಂದರೆ 3210 ಪ್ಯಾಸ್ಕಲ್. ಅದನ್ನು 34ರಿಂದ ಗುಣಿಸು, ಬಂದದ್ದನ್ನು 8.314 (ಸೂತ್ರದ ಸ್ಥಿರಾಂಕ ಆರ್) ಮತ್ತು 300ರ ಗುಣಲಬ್ಧದಿಂದ ಭಾಗಿಸು. ಸುಮಾರು 43.8 ಮೋಲ್ (ಅಣುಗಳನ್ನು ಎಣಿಸುವ ಅಳತೆ) ಬರುತ್ತದೆ. ಮೋಲಿಗೆ 18 ಗ್ರಾಂ. ಅಲ್ಲಿಗೆ 788 ಗ್ರಾಂ, ಮುಕ್ಕಾಲು ಲೀಟರಿಗಿಂತ ತುಸು ಜಾಸ್ತಿ. ಇಷ್ಟು ಕಡಿಮೆ ಒತ್ತಡದಲ್ಲಿ ಆವಿ ಆದರ್ಶ ಅನಿಲದಂತೆಯೇ, ಅಂದರೆ ಈ ಸೂತ್ರ ಹೇಳಿದಂತೆಯೇ ನಡೆದುಕೊಳ್ಳುತ್ತದೆ, ಹಾಗಾಗಿ ಉತ್ತರ ನಂಬಬಹುದು.

ಈಗ ಬಟ್ಟೆಯ ವಿಷಯ. ನನಗೆ ಇದೇ ಜಾಸ್ತಿ ಮಜಾ ಅನ್ನಿಸಿದ್ದು. 90ರ ಬದಲು 100 ಪರ್ಸೆಂಟ್ ಹಾಕಿ ನೋಡು, 875 ಗ್ರಾಂ ಬರುತ್ತದೆ. ಅಂದರೆ ಕೋಣೆ ಮುಚ್ಚಿದ್ದರೆ ಇನ್ನು 87 ಗ್ರಾಂ ಆವಿಗಷ್ಟೇ ಜಾಗ. ಹಿಂಡಿ ಹಾಕಿದ ಒಂದು ಬೆಡ್‌ಶೀಟಿನಲ್ಲೇ ಅದಕ್ಕಿಂತ ಎಷ್ಟೋ ಹೆಚ್ಚು ನೀರಿರುತ್ತದೆ. ಮತ್ತೆ ಮುಗ್ಗಲು ವಾಸನೆ ಬಾರದೆ ಇನ್ನೇನು? ಕಿಟಕಿ ತೆಗೆದರೂ ಒಳಗೆ ಬರುವುದು ಅದೇ ಒದ್ದೆ ಗಾಳಿ ಅಲ್ವಾ!

ಶಿರಸಿ ಕಡೆ ಬಚ್ಚಲ ಒಲೆಯ ಹತ್ತಿರ ಬಟ್ಟೆ ಹರವುತ್ತಾರೆ. ಅದು ಸುಮ್ನೆ ಅಲ್ಲ. 37 ಡಿಗ್ರಿಯಲ್ಲಿ ಆವಿಯ ಗರಿಷ್ಠ ಒತ್ತಡ 6.28 ಕಿಲೋಪ್ಯಾಸ್ಕಲ್. ಅದೇ 34 ಘನ ಮೀಟರಿಗೆ ಲೆಕ್ಕ ಹಾಕಿದರೆ 1490 ಗ್ರಾಂ ತನಕ ಆವಿ ಸೇರಬಹುದು. ಉಷ್ಣತೆ 310 ಕೆಲ್ವಿನ್ ಹಾಕಿ ನೀನೇ ಒಮ್ಮೆ ಮಾಡಿ ನೋಡು. ಒತ್ತಡ ಮಾತ್ರ ಆವಿಯದ್ದೇ ಇರಲಿ.