ಎಂ.ಎಸ್. ಸಾಕು, ಗ್ರೀನ್ ಕಾರ್ಡ್ ಸಾಲದು

ಪ್ರಶ್ನೆ: ಅಮೆರಿಕದಲ್ಲಿ ಪರಿಸರ ಎಂಜಿನಿಯರಿಂಗ್ ಎಂ.ಎಸ್. ಮುಗಿಸಿ, ಐದು ವರ್ಷದಿಂದ ಕುಡಿಯುವ ನೀರಿನ ಶುದ್ಧೀಕರಣದಲ್ಲಿ ಕೆಲಸ ಮಾಡುತ್ತಿದ್ದೇನೆ. ಗ್ರೀನ್ ಕಾರ್ಡ್ ಇದೆ. ಬಡ ದೇಶಗಳ ಅಭಿವೃದ್ಧಿ ಕೆಲಸಕ್ಕಾಗಿ, ವಿಜ್ಞಾನಿ-ಎಂಜಿನಿಯರುಗಳನ್ನು ಅಮೆರಿಕದ ಸರ್ಕಾರಿ ಕಚೇರಿಗಳಿಗೆ ಕಳಿಸುವ ಎಎಎಎಸ್ (ಅಮೆರಿಕದ ವಿಜ್ಞಾನ ಪ್ರಗತಿ ಸಂಘ) ಪಾಲಿಸಿ ಫೆಲೋಶಿಪ್‌ಗೆ ಅರ್ಜಿ ಹಾಕಬಹುದೇ?

ಉತ್ತರ: ಈಗ ಆಗದು. ನಿಮ್ಮ ಓದು ಸಾಕು: ಉಳಿದವರಿಗೆ ಡಾಕ್ಟರೇಟ್ ಬೇಕಾದರೂ ಎಂಜಿನಿಯರುಗಳಿಗೆ ಎಂ.ಎಸ್. ಮತ್ತು ಮೂರು ವರ್ಷದ ವೃತ್ತಿ ಅನುಭವ ಇದ್ದರಾಯಿತು. ತಡೆ ಇರುವುದು ಪೌರತ್ವದಲ್ಲಿ: ಇದು ಅಮೆರಿಕದ ಪೌರರಿಗೆ ಮಾತ್ರ. ಗ್ರೀನ್ ಕಾರ್ಡ್ ಬಂದು ಸಾಮಾನ್ಯವಾಗಿ ಐದು ವರ್ಷಕ್ಕೆ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕಬಹುದು. ಭಾರತ ಇಬ್ಬಗೆಯ ಪೌರತ್ವ ಒಪ್ಪುವುದಿಲ್ಲ, ಹಾಗಾಗಿ ಇಲ್ಲಿನ ಪಾಸ್‌ಪೋರ್ಟ್ ಒಪ್ಪಿಸಬೇಕು; ಬೇಕಿದ್ದರೆ ಒಸಿಐ (ಸಾಗರೋತ್ತರ ಭಾರತೀಯರ ಕಾರ್ಡ್) ಮಾಡಿಸಿಕೊಳ್ಳಬಹುದು. ಇದನ್ನು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಇನ್ನೊಂದು ಮಾತು. ಈ ಫೆಲೋಗಳು ಹಳ್ಳಿಗೆ ಹೋಗಿ ಬೋರ್‌ವೆಲ್ ಕೊರೆಸುವುದಿಲ್ಲ. ಬಹುಪಾಲು ವಾಷಿಂಗ್ಟನ್ನಿನ ಮೇಜಿನ ಕೆಲಸ: ಅನುದಾನದ ಷರತ್ತು ಬರೆಯುವುದು, ಪ್ರಸ್ತಾವ ತೂಗಿ ನೋಡುವುದು. ಅಭಿವೃದ್ಧಿ ಬಯಸಿದವರು ಬಹುಕಾಲ ಹೋಗುತ್ತಿದ್ದ ಅಮೆರಿಕ ಸರ್ಕಾರದ ನೆರವು ಸಂಸ್ಥೆ ಯುಎಸ್‌ಏಡ್, 2025ರ ಜುಲೈ 1ಕ್ಕೆ ವಿದೇಶಿ ನೆರವಿನ ಕೆಲಸ ನಿಲ್ಲಿಸಿತು. ಉಳಿದದ್ದು ವಿದೇಶಾಂಗ ಇಲಾಖೆಯ ಪಾಲಾಯಿತು. ಹಳೆಯ ಫೆಲೋಗಳ ಅನುಭವ ಓದಿ ಅದೇ ಸಿಗುತ್ತದೆಂದು ಹೊರಡಬೇಡಿ. ಆ ವರ್ಷ ಯಾವ ಕಚೇರಿಗಳು ಫೆಲೋಗಳನ್ನು ಕರೆಯುತ್ತಿವೆ ಎಂದು ಮೊದಲು ನೋಡಿ.

ಅರ್ಜಿಗೆ ಮೂರು ಶಿಫಾರಸು ಪತ್ರ ಬೇಕು. ಗಡುವು ಸಾಮಾನ್ಯವಾಗಿ ನವೆಂಬರ್ 1, ಕೆಲಸ ಶುರು ಮರುವರ್ಷ ಸೆಪ್ಟೆಂಬರ್‌ನಲ್ಲಿ. ದೊಡ್ಡ ಹೆಸರಿನ ಪ್ರೊಫೆಸರರ ನಾಲ್ಕು ಸಾಲಿಗಿಂತ, ನೀವು ಪ್ಲಾಂಟ್ ಆಪರೇಟರ್ ಜೊತೆ ಹೇಗೆ ಕೆಲಸ ಮಾಡಿದಿರಿ ಎಂದು ಕಂಡವರ ಪತ್ರ ಲೇಸು.

ಒಳ್ಳೆಯ ತಜ್ಞರೂ ಎಡವುವುದು ಸಂದರ್ಶನದ ಮೆಮೊದಲ್ಲಿ, ಅಂದರೆ ಅಧಿಕಾರಿಗೆ ಸಲಹೆ ಕೊಡುವಂತೆ ಬರೆಯುವ ಚಿಕ್ಕ ಟಿಪ್ಪಣಿಯಲ್ಲಿ. ಇಥಿಯೋಪಿಯದ ರಿಫ್ಟ್ ಕಣಿವೆಯ, ಫ್ಲೋರೈಡ್ ಹೆಚ್ಚಿರುವ ನೀರಿನ ಬಗ್ಗೆ ಬರೆಯುತ್ತೀರಿ ಎನ್ನಿ. ಅರ್ಧ ಪುಟ ರಸಾಯನಶಾಸ್ತ್ರ ತುಂಬಿದರೆ ಓದುವ ಅಧಿಕಾರಿ ಅಲ್ಲೇ ಬಿಟ್ಟಾನು. ಮೊದಲ ಸಾಲಲ್ಲೇ ಯಾವುದಕ್ಕೆ ಹಣ ಕೊಡಬೇಕು, ಯಾವುದಕ್ಕೆ ಬೇಡ ಎಂದು ಹೇಳಿ. ವಿಶ್ವ ಆರೋಗ್ಯ ಸಂಸ್ಥೆಯ ಫ್ಲೋರೈಡ್ ಮಿತಿ ಲೀಟರಿಗೆ 1.5 ಮಿಲಿಗ್ರಾಂ ಎಂಬುದಕ್ಕೆ ಒಂದು ಸಾಲು ಸಾಕು. ಜಾಗ ಕೊಡಬೇಕಾದ್ದು ಬೇರೆಡೆ: ನಾಗಪುರದ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ (ನೀರಿ) ರೂಪಿಸಿದ, ಫ್ಲೋರೈಡ್ ತೆಗೆಯುವ ನಲ್ಗೊಂಡ ವಿಧಾನಕ್ಕೆ ಪಟಿಕ, ಸುಣ್ಣ ಅಗ್ಗ, ಆದರೆ ನೀರಿನ ಕ್ಷಾರೀಯತೆ ನೋಡಿ ಪಟಿಕ ಅಳೆಯುವವರು ಯಾರು? ತಳದಲ್ಲಿ ಕೂತ ಫ್ಲೋರೈಡ್ ಕೆಸರನ್ನು ಎಲ್ಲಿ ಹಾಕುತ್ತಾರೆ? ಹಣದ ಅವಧಿ ಮುಗಿದ ಮೇಲೆ ಆಪರೇಟರ್ ಸಂಬಳ ಯಾರ ಲೆಕ್ಕಕ್ಕೆ? ನೀವು ಪ್ಲಾಂಟಿನಲ್ಲಿ ದಿನಾ ನೋಡುವುದೇ ಇದು. ಪೌರತ್ವ ಬರುವಷ್ಟರಲ್ಲಿ ಇಂಥ ಒಂದೊಂದು ಪುಟ ಬರೆದು, ನೀರಿನ ಗಂಧಗಾಳಿ ಇಲ್ಲದವರ ಕೈಗೆ ಕೊಟ್ಟು ನೋಡಿ.