ಆ ರವಿ ಯಾರು ಎಂದು ಆಕೆಗೆ ಹೇಳಿ

ನಿಮ್ಮ ಹೆಸರು, ಊರು ಹಾಕಬೇಡಿ ಎಂದು ಕೇಳಿಕೊಂಡಿದ್ದೀರಿ. ಹಾಕುವುದಿಲ್ಲ. ಹಾವೇರಿ ಕಡೆಯವರು, ವಯಸ್ಸು 31, ಹುಬ್ಬಳ್ಳಿಯಲ್ಲಿ ಲೆಕ್ಕಪತ್ರದ ಕೆಲಸ ಎಂದಷ್ಟು ಓದುಗರಿಗೆ ತಿಳಿದರೆ ಸಾಕು. ಚಿಕ್ಕಂದಿನಿಂದ ಉಗ್ಗು. ಈಗ ಮದುವೆ ನಿಶ್ಚಯವಾಗಿದೆ. ಹುಡುಗಿ ಗದಗ ಕಡೆಯವರು, ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಆಕೆಗೆ ಉಗ್ಗಿನ ವಿಷಯ ಗೊತ್ತಿಲ್ಲ. ‘ನಾನೀಗ ಬದಲಾಗಿದ್ದೇನೆ, ಉಗ್ಗು ಮುಕ್ಕಾಲು ಪಾಲು ಹೋಗಿದೆ. ಹೋದದ್ದನ್ನು ಹೇಳಲೇಬೇಕಾ?’ ಎಂದು ಕೇಳಿದ್ದೀರಿ.

ಇದಕ್ಕೆ ಉತ್ತರ ಕೊಡುವುದು ಕಷ್ಟವಲ್ಲ. ನಾನು ಓದುತ್ತ ತಡೆದು ನಿಂತದ್ದು ಬೇರೆ ಕಡೆ. ಸಹಿ ಹಾಕಿದ ಮೇಲೆ, ಕೆಳಗೆ ಉಳಿದ ಜಾಗದಲ್ಲಿ, ಒಂದು ಮಾತು ಸೇರಿಸಿದ್ದೀರಿ: ಆಕೆ ಮೊದಲ ಸಲ ಫೋನ್ ಮಾಡಿ ‘ಯಾರು ಮಾತಾಡೋದು?’ ಎಂದಾಗ ನಿಮ್ಮ ಹೆಸರಿನ ‘ಬ’ ಗಂಟಲಿನಿಂದ ಹೊರಡಲಿಲ್ಲ. ‘ನಾನು ರವಿ, ಅವರ ಗೆಳೆಯ. ಅವರು ಹೊರಗೆ ಹೋಗ್ಯಾರ’ ಎಂದು ಇಟ್ಟುಬಿಟ್ಟಿರಿ. ಅಂದಿನಿಂದ ಬರೀ ವಾಟ್ಸ್ಆ್ಯಪ್. ಆಕೆ ಕರೆ ಮಾಡಿದರೆ ನೆಟ್‌ವರ್ಕ್ ಇಲ್ಲ.

ತಮ್ಮಾ, ನೀವು ಇದನ್ನು ಒಂದು ಚಿಕ್ಕ ಪೇಚಾಟದ ಹಾಗೆ ಬರೆದು ಮುಂದೆ ಹೋಗಿದ್ದೀರಿ. ನನಗೆ ಇಡೀ ಪತ್ರವೇ ಆ ಎರಡು ಸಾಲಿನಲ್ಲಿದೆ. ಮದುವೆಯಾಗುವ ಹುಡುಗಿ ನಿಮ್ಮನ್ನೇ ಹುಡುಕಿಕೊಂಡು ಬಂದಾಗ ‘ನಾನು ಇಲ್ಲ’ ಎಂದು ನೀವೇ ಹೇಳಿ ಕಳಿಸಿದ್ದೀರಿ.

ಉಗ್ಗು ಹೋಗಿದೆ ಎನ್ನುತ್ತೀರಿ. ಪತ್ರದಲ್ಲಿ ನೀವೇ ಬರೆದಿರುವುದನ್ನು ಇನ್ನೊಮ್ಮೆ ಓದಿಕೊಳ್ಳಿ. ಸಂತೆಯಲ್ಲಿ ಬದನೆಕಾಯಿ ಎನ್ನಲಾಗದೆ ಮುಳಗಾಯಿ ಎನ್ನುತ್ತೀರಿ. ರೈಲಿನಲ್ಲಿ ಬ್ಯಾಡಗಿಗೆ ಹೋಗಬೇಕಾದರೆ ಮುಂದಿನ ರಾಣೆಬೆನ್ನೂರಿಗೆ ಟಿಕೆಟ್ ತೆಗೆದು ನಡುವೆ ಇಳಿಯುತ್ತೀರಿ. ಬರುವ ಪದವನ್ನು ಎರಡು ಮಾರು ದೂರದಿಂದಲೇ ಗುರುತಿಸಿ ಪಕ್ಕಕ್ಕೆ ಸರಿಯುವ ಚಾಕಚಕ್ಯತೆ ನಿಮಗೆ ಬಂದಿದೆ. ಎದುರಿನವರಿಗೆ ಏನೂ ತಿಳಿಯುವುದಿಲ್ಲ, ನಿಜ. ಆದರೆ ತಪ್ಪಿಸಿಕೊಂಡ ಪ್ರತಿ ಸಲವೂ ಭಯ ಒಂದು ಗುಟುಕು ಹಾಲು ಕುಡಿದು ಬೆಳೆದಿದೆ. ಬದನೆಕಾಯಿಗೆ ಬದಲಿ ಪದ ಸಿಕ್ಕಿತು. ಸ್ವಂತ ಹೆಸರಿಗೆ ಬದಲಿ ಇಲ್ಲ. ಉಗ್ಗುವವರಲ್ಲಿ ಬಹಳ ಮಂದಿಗೆ ತಮ್ಮ ಹೆಸರೇ ಅತಿ ಕಷ್ಟದ ಪದವಾಗುವುದು ಇದಕ್ಕೇ.

ನಾಲ್ಕನೇ ಇಯತ್ತೆಯ ಆ ದಿನದ ಬಗ್ಗೆ ಒಂದು ಪುಟ ಬರೆದಿದ್ದೀರಿ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಬಸವಣ್ಣನವರ ವಚನವನ್ನು ಒಂದಕ್ಷರ ತಡವರಿಸದೆ ಹಾಡಿದ ಹುಡುಗ, ಅದೇ ಮಧ್ಯಾಹ್ನ ತಪಾಸಣೆಗೆ ಬಂದ ಸಾಹೇಬರ ಮುಂದೆ ತನ್ನ ಹೆಸರು ಹೇಳಲಾರದೆ ನಿಂತ. ‘ಹಾಡಾಗ ಬರ್ತದ, ಮಾತಾಡಾಗ ಬರಂಗಿಲ್ಲೇನು? ನಾಟಕ ಮಾಡ್ತೀ?’ ಎಂದು ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಹುಡುಗರು ನಕ್ಕರು.

ಇದನ್ನು ನಿಮಗೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ, ಆದ್ದರಿಂದ ನಾನು ಹೇಳುತ್ತೇನೆ. ಉಗ್ಗುವವರು ಹಾಡುವಾಗ ಸಾಮಾನ್ಯವಾಗಿ ಉಗ್ಗುವುದಿಲ್ಲ. ಹತ್ತು ಜನರ ಜೊತೆ ದನಿಗೂಡಿಸಿ ಓದುವಾಗಲೂ ಉಗ್ಗುವುದಿಲ್ಲ. ಅದು ಉಗ್ಗಿನ ಸ್ವಭಾವ. ಮಾತನ್ನು ಹೊತ್ತಿಗೆ ಸರಿಯಾಗಿ ಹೊರಡಿಸುವ ಮಿದುಳಿನ ಏರ್ಪಾಟಿನಲ್ಲಿ ಇರುವ ವ್ಯತ್ಯಾಸ ಅದು. ಎಷ್ಟೋ ಸಲ ವಂಶದಲ್ಲಿ ಹರಿದು ಬರುತ್ತದೆ. 2010ರಲ್ಲಿ ಅಮೆರಿಕದ ವಿಜ್ಞಾನಿಗಳು ಅದಕ್ಕೆ ಸಂಬಂಧಿಸಿದ ಕೆಲವು ಜೀನ್‌ಗಳನ್ನು ಗುರುತಿಸಿದರು ಕೂಡ. ನಿಮ್ಮ ಅಜ್ಜಿ ಜೇನುತುಪ್ಪದಲ್ಲಿ ತೇದು ನಾಲಗೆಗೆ ಹಚ್ಚಿದ ಬಜೆ ಕೆಲಸ ಮಾಡದಿದ್ದರೆ ಅದು ಅಜ್ಜಿಯ ತಪ್ಪೂ ಅಲ್ಲ, ನಿಮ್ಮ ನಾಲಗೆಯ ತಪ್ಪೂ ಅಲ್ಲ. ನೀವು ನಿಜವಾಗಿ ಉಗ್ಗುತ್ತಿದ್ದಾಗ ನಾಟಕ ಎಂದರು. ಈಗ ಉಗ್ಗದವನ ಪಾತ್ರ ಮಾಡುತ್ತಿದ್ದೀರಿ, ಎಲ್ಲರೂ ನಂಬಿದ್ದಾರೆ. ಆ ಹುಡುಗನನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಆದರೂ ಆ ಮೇಷ್ಟ್ರಿಗಿಂತ ನನಗೆ ಹೆಚ್ಚು ಸಿಟ್ಟು ಬಂದದ್ದು ನೀವು ಪತ್ರದುದ್ದಕ್ಕೂ ಹೊಗಳಿರುವ ನಿಮ್ಮ ಭಾವನ ಮೇಲೆ. ಮೇಷ್ಟ್ರದು ಒಂದು ಮಧ್ಯಾಹ್ನದ ಕ್ರೌರ್ಯ. ಭಾವನದು ವರ್ಷಗಟ್ಟಲೆಯ ಉಪಕಾರ. ಹೋಟೆಲಿನಲ್ಲಿ ನಿಮಗೆ ಬೇಕಾದ್ದನ್ನು ಅವರೇ ಹೇಳುತ್ತಾರೆ. ನಿಮ್ಮ ಅರ್ಧ ವಾಕ್ಯವನ್ನು ಅವರೇ ಮುಗಿಸುತ್ತಾರೆ. ಕನ್ಯಾ ನೋಡಲು ಹೋದಾಗ ಹುಡುಗಿಯ ತಂದೆ ಕೇಳಿದ ಪ್ರತಿ ಪ್ರಶ್ನೆಗೂ ಅವರೇ ಉತ್ತರಿಸಿ, ‘ನಮ್ಮ ಹುಡುಗ ಮಿತಭಾಷಿ’ ಎಂದು ಮಾತು ಮುಗಿಸಿದರು. ಪ್ರೀತಿಯಿಂದಲೇ ಮಾಡಿದ್ದಾರೆ, ನನಗೆ ಅನುಮಾನವಿಲ್ಲ. ಆದರೆ ಇನ್ನೊಬ್ಬರ ಮಾತನ್ನು ಮುಗಿಸಿಕೊಡುವುದು ಸಹಾಯವಲ್ಲ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ, ಇನ್ನೂ ಬರೆಯುತ್ತೇನೆ. ಅತ್ತೆ ಸೊಸೆಯ ಮಾತು ಮುಗಿಸುವ ಮನೆಗೂ ಇದೇ ಹೇಳಿದ್ದೆ. ನಿಮಗೆ ಮಾತು ಬರುತ್ತದೆ, ಹೊತ್ತು ಬೇಕು ಅಷ್ಟೆ. ಆ ಹೊತ್ತನ್ನು ಭಾವ ನಿಮಗೆ ಎಂದೂ ಕೊಡಲಿಲ್ಲ.

ಮದುವೆಯ ದಿನ ಹೊಸ್ತಿಲಲ್ಲಿ ಅಕ್ಕತಂಗಿಯರು ತಡೆದು ಒಡಪು ಹೇಳಿಸುತ್ತಾರೆ, ಹೆಂಡತಿಯ ಹೆಸರು ಹೇಳಬೇಕಾಗುತ್ತದೆ ಎಂದು ನಿದ್ದೆಗೆಟ್ಟಿದ್ದೀರಿ. ಅದಕ್ಕೆ ಅಷ್ಟು ಹೆದರಬೇಡಿ. ಒಡಪು ಪ್ರಾಸ ಕಟ್ಟಿದ ಮಾತು, ಲಯ ಹಿಡಿದು ಹೇಳುವಂಥದ್ದು. ವಚನ ಹಾಡಿದವರಿಗೆ ಅದೂ ಬಂದೀತು. ನಿಮ್ಮ ಗಂಡಾಂತರ ಇರುವುದು ಹೊಸ್ತಿಲಲ್ಲಿ ಅಲ್ಲ, ಫೋನಿನಲ್ಲಿ.

ಆದ್ದರಿಂದ ನಾನು ಹೇಳುವುದು ಒಂದೇ ಕೆಲಸ. ಇಂದು ರಾತ್ರಿ ಆಕೆಗೆ ಫೋನ್ ಮಾಡಿ. ಮೆಸೇಜ್ ಬೇಡ, ಧ್ವನಿ ಮುದ್ರಿಸಿ ಕಳಿಸುವುದೂ ಬೇಡ, ಏಕೆಂದರೆ ಚೆನ್ನಾಗಿ ಬರುವ ತನಕ ಅಳಿಸಿ ಅಳಿಸಿ ಮುದ್ರಿಸುತ್ತೀರಿ. ಕರೆ ಮಾಡಿ, ಮೊದಲ ಮಾತಾಗಿ ನಿಮ್ಮ ಹೆಸರು ಹೇಳಿ. ‘ಬ’ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಳ್ಳಲಿ. ಬೇರೆ ಪದಕ್ಕೆ ಓಡಬೇಡಿ, ಕೆಮ್ಮಬೇಡಿ, ಫೋನ್ ಇಡಬೇಡಿ, ಹೆಸರು ಪೂರ್ತಿ ಹೊರಬರುವ ತನಕ ಅಲ್ಲೇ ಇರಿ. ಆಮೇಲೆ ರವಿ ಯಾರು ಎಂದು ಹೇಳಿ. ಇದು ನಾನು ಕಟ್ಟಿದ ಉಪಾಯವಲ್ಲ. ಸ್ವತಃ ಉಗ್ಗುತ್ತಿದ್ದ ಅಮೆರಿಕದ ಚಾರ್ಲ್ಸ್ ವ್ಯಾನ್ ರೈಪರ್ ಎಂಬ ವಾಕ್ ಚಿಕಿತ್ಸಕರು ತಮ್ಮಲ್ಲಿಗೆ ಬಂದವರಿಗೆ ಬೇಕೆಂದೇ, ತೆರೆದ ಬಾಯಿಂದ, ಅಂಜದೆ ಉಗ್ಗುವುದನ್ನು ಕಲಿಸುತ್ತಿದ್ದರು. ಅಡಗಿಸುವ ಹೋರಾಟ ನಿಂತ ಮೇಲೆ ಉಗ್ಗು ಸಡಿಲವಾಗುತ್ತದೆ ಎಂಬುದು ಅವರು ಕಂಡುಕೊಂಡದ್ದು.

‘ಆಕೆ ಬೇಡ ಎಂದುಬಿಟ್ಟರೆ?’ ಎನ್ನುತ್ತೀರಿ. ಅನ್ನಬಹುದು. ಆ ಹಕ್ಕು ಆಕೆಗೆ ಮದುವೆಗೆ ಮುಂಚೆ ಇರಬೇಕು, ನಂತರವಲ್ಲ. ಆದರೆ ಒಂದು ನೆನಪಿಡಿ: ಸುಮಾರು ನೂರು ಮಕ್ಕಳಲ್ಲಿ ಐವರು ಒಂದಲ್ಲ ಒಂದು ಹಂತದಲ್ಲಿ ಉಗ್ಗುತ್ತಾರೆ, ಹೆಚ್ಚಿನವರಿಗೆ ಬೆಳೆಯುತ್ತ ಹೋಗುತ್ತದೆ, ನೂರರಲ್ಲಿ ಒಬ್ಬರಿಗೆ ಉಳಿದುಕೊಳ್ಳುತ್ತದೆ. ಆಕೆ ಪಾಠ ಮಾಡುವ ಕೋಣೆಯಲ್ಲಿ ಅಂಥ ಮಗುವೊಂದು ಈಗಲೂ ಕೂತಿರಬಹುದು. ಹಾಜರಿ ಕೂಗುವಾಗ ಆ ಮಗುವಿಗೆ ಏನಾಗುತ್ತದೆಂದು ಆಕೆಗೆ ತಿಳಿಸಬಲ್ಲವರು ನೀವು. ಆ ಮಾತನ್ನೂ ಆಕೆಯೊಡನೆ ಆಡಿ.

ಇನ್ನು ಚಿಕಿತ್ಸೆ. 15 ದಿನದಲ್ಲಿ ಗ್ಯಾರಂಟಿ ಗುಣ ಎಂಬ ಜಾಹೀರಾತಿನವರಿಗೆ ದುಡ್ಡು ಸುರಿಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, 1965ರಿಂದ ಇದೇ ಕೆಲಸ ಮಾಡುತ್ತಿರುವ ಸರ್ಕಾರಿ ಸಂಸ್ಥೆ. ಹುಬ್ಬಳ್ಳಿಯಲ್ಲೇ ಆಗಬೇಕೆಂದರೆ ದೊಡ್ಡ ಆಸ್ಪತ್ರೆಯ ಕಿವಿ ಮೂಗು ಗಂಟಲು ವಿಭಾಗದಲ್ಲಿ ಸ್ಪೀಚ್ ಥೆರಪಿಸ್ಟ್ ಯಾರಿದ್ದಾರೆ ಎಂದು ಕೇಳಿ. ಚೀಟಿ ಮಾಡಿಸುವಾಗ ಹೆಸರು ನೀವೇ ಹೇಳಬೇಕು. ಭಾವ ಜೊತೆಗೆ ಬರುತ್ತೇನೆಂದರೆ ಈ ಸಲ ಬೇಡ ಎನ್ನಿ.