ಅಮೆರಿಕದ ಶಾಲೆಗಳಲ್ಲಿ ಅಂಗವೈಕಲ್ಯವಿರುವ ಯಾವ ಮಕ್ಕಳಿಗೆ ಪರ್ಯಾಯ ಪರೀಕ್ಷೆ ಕೊಡುತ್ತಾರೆ?

ಕಲಿಯುವ, ಯೋಚಿಸುವ ಶಕ್ತಿಯಲ್ಲಿ ಅತಿ ತೀವ್ರ ತೊಂದರೆ ಇರುವ ಮಕ್ಕಳಿಗೆ ಮಾತ್ರ. ತೀರ್ಮಾನಿಸುವುದು ಮಗುವಿನ ಐಇಪಿ ತಂಡ. ಅಂದರೆ ಆ ಮಗುವಿಗೆಂದೇ ಕಲಿಕೆಯ ಯೋಜನೆ ಬರೆಯುವ ಶಿಕ್ಷಕರು, ಪರಿಣತರು, ಜೊತೆಗೆ ಅಪ್ಪ-ಅಮ್ಮ.

ಆಟಿಸಂ ಇದೆ, ಅಂಕ ಕಡಿಮೆ, ಇಂಗ್ಲಿಷ್ ಸರಿಯಾಗಿ ಬರಲ್ಲ ಅನ್ನುವುದಷ್ಟೇ ಕಾರಣವಾಗುವಂತಿಲ್ಲ. ಯಾಕೆಂದರೆ ಇಲ್ಲಿ ಅಳತೆಗೋಲೇ ಬೇರೆ. ಕಣ್ಣು ಕಾಣದ ಹುಡುಗಿ ಬ್ರೈಲ್‌ನಲ್ಲಿ ಓದಿ, ಜಾಸ್ತಿ ಸಮಯ ತೆಗೆದುಕೊಂಡು ಅದೇ ಲೆಕ್ಕ ಬಿಡಿಸಿದರೆ ಅದು ಮಾಮೂಲಿ ಪರೀಕ್ಷೆಯೇ. ಪರ್ಯಾಯ ಪರೀಕ್ಷೆಯಲ್ಲಿ ವಿಷಯ ಅದೇ ತರಗತಿಯದ್ದು, ಆಳ ಕಡಿಮೆ. ಉಳಿದವರು ಭಿನ್ನರಾಶಿ ಕೂಡುವಾಗ ಈ ಮಗು ಎರಡು ಚಿತ್ರಗಳಲ್ಲಿ ಅರ್ಧ ರೊಟ್ಟಿ ಯಾವುದು ಅಂತ ಬೆರಳಲ್ಲೋ ಕಣ್ಣೋಟದಲ್ಲೋ ತೋರಿಸಬಹುದು.

2015ರ ಕಾನೂನಿನ ಪ್ರಕಾರ, ಒಂದು ರಾಜ್ಯದಲ್ಲಿ ಒಂದು ವಿಷಯದ ಪರೀಕ್ಷೆ ಬರೆಯುವ ಎಲ್ಲ ಮಕ್ಕಳಲ್ಲಿ ಇವರು ಶೇ 1ನ್ನು ಮೀರಬಾರದು. ಆ ಮಿತಿ ರಾಜ್ಯಕ್ಕೆ. ಅದನ್ನೇ ತೋರಿಸಿ ನಿಜವಾಗಿ ಬೇಕಿರುವ ಮಗುವಿಗೆ ಇಲ್ಲ ಅನ್ನುವಂತಿಲ್ಲ.

ತಂದೆ-ತಾಯಿ ಒಂದನ್ನು ಮರೆಯಬೇಡಿ: ಈ ಪರೀಕ್ಷೆಯಿಂದ ಸಾಮಾನ್ಯ ಹೈಸ್ಕೂಲ್ ಡಿಪ್ಲೊಮಾ ಸಿಗಲು ತೊಡಕಾಗುತ್ತದೆಯೇ ಎಂದು ಶಾಲೆ ನಿಮಗೆ ತಿಳಿಸಲೇಬೇಕು. ಒಪ್ಪುವ ಮೊದಲೇ ಕೇಳಿ.